ಕೈಯ ಕೆಲಸ, ಕಾಲಿನ ಹೆಸರು

ಬೆಟ್ಟಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹೊರಬಂದವಳು. ನಮ್ಮ ಸೀಮೆಯಲ್ಲಿ ಹಾಗೆ ಹುಟ್ಟಿದವರ ಕಾಲಿಗೆ ಉಳುಕು ತೆಗೆಯುವ ಗುಣವಿದೆ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ. ಹುಟ್ಟಿದವಳನ್ನು ಯಾರೂ ಕೇಳುವುದಿಲ್ಲ. ಸೊಂಟ ಹಿಡಿದವರು, ಬೆನ್ನು ಹಿಡಿದವರು, ಕತ್ತು ಹಿಡಿದವರು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಂದು ಬೋರಲು ಮಲಗುತ್ತಾರೆ. ಅವಳು ಎಡಗಾಲಿನಿಂದ ನೋವಿರುವ ಜಾಗಕ್ಕೆ ಒಂದು ಒದೆ ಕೊಡಬೇಕು. ಒದೆ ಎಂದರೆ ನಿಜವಾದ ಒದೆಯಲ್ಲ, ಬೆರಳು ತಾಕಿಸಿದರೆ ಸಾಕು. ಮಲಗಿದವರು ಎದ್ದು ಮೈ ಕೊಡವಿ, ವಾಸಿಯಾಯಿತು ಎಂದು ಮನೆಗೆ ಹೋಗುತ್ತಾರೆ. ವಾರದೊಳಗೆ ನೋವು ತಿರುಗಿ ಬಂದರೆ ಅದು ಹೊಸ ಉಳುಕು ಎಂದು ಮತ್ತೆ ಬಂದು ಮಲಗುತ್ತಾರೆ.

ಅವಳು ಹಲಗೂರಿನ ಕಡೆಯ ಹೆಣ್ಣು. ನಮ್ಮೂರು ಕೊತ್ತತ್ತಿಗೆ, ಪಕ್ಕದ ಮನೆಯ ಕೆಂಪಸಿದ್ದಯ್ಯನನ್ನು ಮದುವೆಯಾಗಿ ಬಂದಳು. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯಲ್ಲಿ ಸೌಟು ಬಿದ್ದರೆ ನಮ್ಮ ಮನೆಯ ಬೆಕ್ಕು ಎದ್ದು ಕೂರುತ್ತಿತ್ತು. ಆದ್ದರಿಂದ ನಾನು ಹೇಳುವುದು ಅವರಿವರ ಬಾಯಿಂದ ಕೇಳಿದ ಮಾತಲ್ಲ.

ಕಾಲಿನ ಗುಣದಲ್ಲಿ ಅವಳಿಗೇ ನಂಬಿಕೆಯಿರಲಿಲ್ಲ. ರಾಗಿ ಬೀಸುತ್ತಾ ಒಂದು ಸಲ ನನ್ನೆದುರು ಅಂದಿದ್ದಳು, ‘ನನ್ ಕಾಲಲ್ಲಿ ಏನೈತಕ್ಕ? ಗದ್ದೆ ಕೆಸರೈತೆ ಅಷ್ಟೆಯ. ಬಂದೋರು ಬ್ಯಾಡ ಅಂದ್ರೆ ಬುಡಕ್ಕಿಲ್ಲ.’

ಅವಳ ಗುಣವಿದ್ದದ್ದು ಕೈಯಲ್ಲಿ. ಅವಳಜ್ಜಿ ಹಸುಗೂಸುಗಳಿಗೆ ಎಣ್ಣೆ ನೀವಿ ಎರೆಯುವವಳು. ಮೊಮ್ಮಗಳು ಅದನ್ನು ಕಲಿತು ಬಂದಿದ್ದಳು. ನನ್ನ ಇಬ್ಬರು ಮಕ್ಕಳಿಗೂ ಅವಳೇ ಎರೆದದ್ದು. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಕಿವಿಯ ಹಿಂದಿನಿಂದ ಭುಜದವರೆಗೆ ಹೆಬ್ಬೆರಳು ಇಳಿಸುವಳು. ಆಗಲೇ ಇನ್ನೊಂದು ಕೈಯಲ್ಲಿ ಆ ಪುಟ್ಟ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುವಳು. ಹೊರಳಿಸುವಳು ಅಂದೆ, ಅದೂ ತಪ್ಪು. ಕೂಸು ತಾನಾಗಿ ಹೊರಳಲಿ ಎಂದು ಕಾಯುವಳು. ನಾನು ಅವಸರ ಮಾಡಿದರೆ ಬೈಯುತ್ತಿದ್ದಳು. ‘ಎಳೀಬಾರ್ದು ಕಣಕ್ಕ. ನಾವು ದಾರಿ ಬುಟ್ಟುಕೊಡ್ಬೇಕು. ಅದೇ ತಿರುಗ್ತದೆ.’

ಈ ಕೈಗೆ ಊರಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಎಣ್ಣೆ ನೀವುವುದು ಹೆಂಗಸರು ಮಾಡುವ ಕೆಲಸ, ಅದರಲ್ಲೇನು? ಹೆಸರೆಲ್ಲ ಕಾಲಿಗೆ.

ಕೆಂಪಸಿದ್ದಯ್ಯ ಕಬ್ಬು ಹೊರುವವನು. ನಾಲೆಯ ನೀರು ಬಂದಮೇಲೆ ನಮ್ಮ ರಾಗಿ ಹೊಲಗಳು ಗದ್ದೆಯಾದವು, ಗದ್ದೆಗೆ ಕಬ್ಬು ಬಂತು, ಕಬ್ಬು ಮಂಡ್ಯದ ಕಾರ್ಖಾನೆಗೆ ಹೋಯಿತು. ಕಬ್ಬೇನೂ ತಾನಾಗಿ ನಡೆದು ಹೋಗುವುದಿಲ್ಲ. ಗದ್ದೆಯ ನಡುವಿನಿಂದ, ಮೊಣಕಾಲು ಹುಗಿಯುವ ಕೆಸರಲ್ಲಿ, ಜಾರುವ ಬದುವಿನ ಮೇಲೆ, ಗಾಡಿ ನಿಂತಲ್ಲಿಯವರೆಗೆ ತಲೆಯ ಮೇಲೆ ಬರಬೇಕು. ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಇಬ್ಬರು ಎತ್ತಿ ಇಟ್ಟ ಹೊರೆ. ವರ್ಷಗಟ್ಟಲೆ ಹೊತ್ತು ಹೊತ್ತು ಅವನ ಕತ್ತು ಒಣಗಿದ ಕೊರಡಾಯಿತು. ಹಿಂದಿನಿಂದ ಯಾರಾದರೂ ಕೂಗಿದರೆ ಮೈಯನ್ನೆಲ್ಲ ತಿರುಗಿಸಿ ನೋಡುತ್ತಿದ್ದ. ‘ಬಾಸಿಂಗ ಕಟ್ಟಿದ ಮದುವಣಿಗ ಬಂದ ಕಣ್ರಲಾ’ ಎಂದು ಹುಡುಗರು ನಗುತ್ತಿದ್ದರು. ಅವನೂ ಮೊದಮೊದಲು ನಗುತ್ತಿದ್ದ. ಆಮೇಲೆ ಬಲಗೈ ಜುಮುಗುಟ್ಟಲು ಶುರುವಾಯಿತು, ನಗುವುದು ನಿಂತಿತು. ಚೊಂಬು ಎತ್ತಿ ನೀರು ಕುಡಿಯಲು ಮುಖ ಮೇಲಾಗುತ್ತಿರಲಿಲ್ಲ. ಕಚ್ಚಿ ಕುಡಿದರೆ ಅವನ ತಾಯಿ ಪುಟ್ಟಮಾದಮ್ಮ, ‘ಚೊಂಬೆಲ್ಲ ಎಂಜ್ಲು ಮಾಡ್ದೆಯಲ್ಲೋ’ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಂಡ್ಯದ ಡಾಕ್ಟರಿಗೂ ತೋರಿಸಿದ್ದಾಯಿತು. ಅವರು ಒಂದು ಮುಲಾಮು ಕೊಟ್ಟು, ಇನ್ನು ತಲೆಯ ಮೇಲೆ ಏನೂ ಹೊರಬೇಡ ಅಂದರು. ಅವರು ಸರಿಯಾಗಿಯೇ ಹೇಳಿದರು. ಆದರೆ ಹೊರುವವನು ಹೊರದಿದ್ದರೆ ಆ ಮನೆ ನಡೆಯುವುದು ಹೇಗೆಂದು ಅವರ ಹತ್ತಿರ ಕೇಳುವುದಕ್ಕೆ ಆಗುತ್ತದೆಯೇ?

ಇನ್ನು ಬೆಟ್ಟಮ್ಮನ ಕಾಲು. ಊರ ಕತ್ತುಗಳಿಗೆಲ್ಲ ಆಗುವ ಕಾಲು ಗಂಡನ ಕತ್ತಿಗೆ ಆಗುವಂತಿರಲಿಲ್ಲ. ಹೆಂಡತಿ ಗಂಡನ ಮೈಗೆ ಕಾಲು ತಾಕಿಸುವುದುಂಟೇ? ಅಕಸ್ಮಾತ್ ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಬೇಕೆಂದೇ ಕತ್ತಿನ ಮೇಲೆ ಕಾಲಿಟ್ಟರೆ ಆ ಪಾಪ ಗಂಡನ ಆಯುಸ್ಸಿಗೇ ತಟ್ಟುತ್ತದೆ ಎಂದು ಪುಟ್ಟಮಾದಮ್ಮ ಸೊಸೆ ಬಂದ ದಿನವೇ ಕಟ್ಟುಮಾಡಿದ್ದಳು. ಕೆಂಪಸಿದ್ದಯ್ಯನಿಗೆ ಅದೇ ಕೊರಗು. ಭಾನುವಾರ ಜಗಲಿಯ ಮೂಲೆಯಲ್ಲಿ ಕೂತು, ಅಂಗಳದಲ್ಲಿ ಒದೆ ತಿಂದು ಎದ್ದುಹೋಗುವವರನ್ನು ಆಸೆಯಿಂದ ನೋಡುತ್ತಿದ್ದ. ಬೆಟ್ಟಮ್ಮನಿಗೆ ಮಾತ್ರ ಒಳಗೊಳಗೇ ಸಮಾಧಾನ. ಇದೊಂದು ಕತ್ತಾದರೂ ಅವಳ ಕೈಗೆ ಉಳಿಯಿತಲ್ಲ.

ಆ ಸಲದ ಉಗಾದಿಯಿಂದ ಅವಳು ಶುರುಮಾಡಿದಳು. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಆದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಜಗಲಿಯ ಮೇಲೆ ಅವನನ್ನು ಕೂರಿಸಿಕೊಳ್ಳುವಳು. ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟು, ಹರಳೆಣ್ಣೆ ಹಚ್ಚಿ ನೀವುವಳು. ಬರೀ ನೀವಿದರೆ ಆ ಸಂಜೆ ಹಗುರ, ಬೆಳಗಾದರೆ ಮತ್ತೆ ಕೊರಡು. ಬರೀ ತಿರುಗಿಸು ಅಂದರೆ ಕತ್ತು ಹಿಡಿದುಕೊಂಡು ಅವನ ಕಣ್ಣಲ್ಲಿ ನೀರು. ಅವಳು ಯೋಚನೆ ಮಾಡಿ ಎರಡನ್ನೂ ಕೂಡಿಸಿದಳು, ಕೂಸಿಗೆ ಎರೆಯುವಾಗ ಮಾಡುತ್ತಿದ್ದ ಹಾಗೆ. ಗಂಟು ಕಟ್ಟಿದ ನರದ ಮೇಲೆ ಹೆಬ್ಬೆರಳು ಇಟ್ಟು ಹಿಡಿದಿರುವಳು. ಅವನು ಅಷ್ಟರಲ್ಲೇ ನಿಧಾನವಾಗಿ ಕೋಳಿಗೂಡಿನ ಕಡೆ ನೋಡಬೇಕು, ಆಮೇಲೆ ಬೇವಿನ ಮರದ ಕಡೆ. ನೋವು ಬಂದಲ್ಲಿ ನಿಲ್ಲಬೇಕು, ಮುಂದೆ ಹೋಗಬಾರದು, ಉಸಿರು ಬಿಡಬೇಕು. ಮಾರನೆಯ ದಿನ ಒಂದು ಎಳ್ಳಷ್ಟು ಮುಂದೆ.

ಗಂಡಸಿಗೆ ಇಂಥ ಕೆಲಸ ಬೇಜಾರು. ಅದಕ್ಕೆ ಅವಳು ಒಂದು ಆಟ ಕಟ್ಟಿದಳು. ಮಾತಾಡದೆ ತಲೆಯಲ್ಲೇ ಹೂಂ, ಊಹೂಂ ಹೇಳಬೇಕು.

‘ನಿಮ್ಮವ್ವ ಒಳ್ಳೇವ್ಳಾ?’

ಅವನು ಮೆಲ್ಲಗೆ ಗದ್ದ ಇಳಿಸಿ ಹೂಂ ಅನ್ನುವನು.

‘ನಾನು?’

ಅವನು ಎಡಕ್ಕೆ ಬಲಕ್ಕೆ ಆಡಿಸಿ ಊಹೂಂ ಅನ್ನುವನು.

‘ಅಂಗಾರೆ ಇನ್ನೊಂದ್ಸಲ ಸರಿಯಾಗಿ ಅನ್ನು, ಬಲಗಡೀಕೆ ಸಾಲ್ದು.’

ಗೋಡೆಯ ಈ ಕಡೆ ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದೆ. ಆ ಗಂಡ ಹೆಂಡಿರು ಆ ಮಳೆಗಾಲದಲ್ಲಿ ಇದ್ದಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಅವನು ಆಗ ಹೊರೆ ಬಿಟ್ಟು ಗದ್ದೆಗಳಿಗೆ ನೀರು ತಿರುಗಿಸುವ ಸಣ್ಣ ಕೆಲಸ ಮಾಡಿಕೊಂಡಿದ್ದ. ಮನೆಯಲ್ಲಿ ಮುದ್ದೆ ಸಣ್ಣದಾಯಿತು, ಬೆಟ್ಟಮ್ಮ ತಾನೇ ನಾಟಿಗೆ, ಕಳೆಗೆ ಹೋದಳು. ಗೌರಿಹಬ್ಬದ ಹೊತ್ತಿಗೆ ಕೈ ಜುಮುಗುಟ್ಟುವುದು ನಿಂತಿತು. ಒಂದು ಮಧ್ಯಾಹ್ನ ಅವನು ಅಂಗಳದಲ್ಲಿ ನಿಂತು, ಚೊಂಬು ಮೇಲೆತ್ತಿ, ಮುಖ ಆಕಾಶಕ್ಕೆ ಮಾಡಿ ಗಟಗಟ ನೀರು ಕುಡಿದ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಬೆಟ್ಟಮ್ಮ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗಿ ಅತ್ತಳು. ಇನ್ನೊಂದು ವರ್ಷ ಹೀಗೇ ಆದರೆ ಗಟ್ಟಿಯಾಗುತ್ತದೆ, ಆದರೂ ತಲೆಯ ಮೇಲೆ ಹೊರೆ ಮಾತ್ರ ಬೇಡ, ಎಂದು ನನಗೆ ಹೇಳಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ.

ದೀಪಾವಳಿ ಕಳೆಯಿತು, ಕಬ್ಬು ಕಡಿಯುವ ಕಾಲ ಬಂತು. ಹೊರುವವರ ಮೇಸ್ತ್ರಿ ಹುಚ್ಚೀರಯ್ಯ ಜಗಲಿಗೆ ಬಂದು ಕೂತು, ಈ ಸಲ ಬರದಿದ್ದರೆ ಆತಗೂರಿನಿಂದ ಬೇರೆ ಆಳು ತರುತ್ತೇನೆ, ಆಮೇಲೆ ನಿನ್ನ ಜಾಗ ನಿನಗಿಲ್ಲ ಅಂದ. ಅಂದವನು ಸುಮ್ಮನೆ ಎದ್ದು ಹೋಗಲಿಲ್ಲ.

‘ಅಲ್ಲ ಕಣಮ್ಮ ಪುಟ್ಟಮಾದಮ್ಮ, ನಿನ್ ಸೊಸೆ ಊರೋರ್ನೆಲ್ಲ ಒಂದೇ ಒದೇಲಿ ಎಬ್ಬಿಸ್ತಾಳೆ. ಗಂಡಂಗೆ ಮಾತ್ರ ಉಗಾದಿಯಿಂದ ಎಣ್ಣೆ ನೀವ್ತಾ ಕುಂತವಳೆ. ಇದೇನು ವಾಸಿ ಮಾಡಾದೋ, ಸೆರಗಿಗೆ ಕಟ್ಕಳಾದೋ?’

ಕಿವಿ ಕಚ್ಚುವವರಿಗೆ ಎಲ್ಲಿ ಕಚ್ಚಬೇಕೆಂದು ಗೊತ್ತಿರುತ್ತದೆ. ಪುಟ್ಟಮಾದಮ್ಮ ಕೆಟ್ಟ ಹೆಂಗಸಲ್ಲ. ಮಗ ಸಂಜೆ ಸಂಜೆ ಹೆಂಡತಿಯ ಮುಂದೆ ಕೂತು ತಲೆಯಾಡಿಸುವುದನ್ನು ನೋಡಿ ನೋಡಿ ಅವಳಿಗೂ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಅವಳು ಸೀದಾ ಮಾರಿಗುಡಿಯ ಪೂಜಾರಿ ಚಿಕ್ಕಬೋರಯ್ಯನ ಹತ್ತಿರ ಹೋಗಿ, ಹೆಂಡತಿ ಗಂಡನಿಗೆ ಕಾಲು ತಾಕಿಸಲು ಏನಾದರೂ ದಾರಿಯುಂಟೇ ಎಂದು ಕೇಳಿದಳು. ಚಿಕ್ಕಬೋರಯ್ಯ ದಾರಿ ಇಲ್ಲದ ಕಡೆ ದಾರಿ ಮಾಡುವುದರಲ್ಲಿ ಗಟ್ಟಿಗ.

‘ತಿಳ್ದು ತುಳುದ್ರೆ ದೋಸ. ತಿಳೀದೆ ತುಳುದ್ರೆ ಏನು ದೋಸ? ನಡೆಯುವಾಗ ಇರುವೆ ಸಾಯಕ್ಕಿಲ್ವಾ? ಅವ್ಳಿಗೆ ತಿಳೀದಂಗೆ ಮಾಡು.’

ಹಾಗೇ ಮಾಡಿದರು. ಮುಂದಿನ ಭಾನುವಾರ, ಮಂಜು ಬಿದ್ದು ಚಳಿ ಎಂಬ ನೆಪ ಹೇಳಿ, ಬಂದವರೆಲ್ಲ ತಲೆಯಿಂದ ಮೊಣಕಾಲವರೆಗೆ ಕಂಬಳಿ ಹೊದ್ದು ಸಾಲಾಗಿ ಬೋರಲು ಮಲಗಿದರು. ಕೆಂಪಸಿದ್ದಯ್ಯ ನಸುಕಿನಲ್ಲೇ, ತೂಬು ನೋಡಿಕೊಂಡು ಬರುತ್ತೇನೆ ಎಂದು ಮನೆ ಬಿಟ್ಟವನು, ಹಿತ್ತಲಿನಿಂದ ಬಂದು ಆ ಸಾಲಿನ ನಡುವೆ ಮಲಗಿದ. ಅಂಗಳದಲ್ಲಿದ್ದ ಅಷ್ಟು ಜನಕ್ಕೂ ಗೊತ್ತು. ಗೊತ್ತಿಲ್ಲದವಳು ಬೆಟ್ಟಮ್ಮ ಒಬ್ಬಳೇ ಎಂದು ಎಲ್ಲರ ಎಣಿಕೆ. ನಾನು ಆಗ ನೀರು ತಂದು ಬಿಂದಿಗೆ ಇಳಿಸುತ್ತಿದ್ದೆ. ಜನರ ಮುಖ ನೋಡಿಯೇ ಏನೋ ಇದೆ ಅನ್ನಿಸಿತು.

ಬೆಟ್ಟಮ್ಮ ಕೈಕಾಲು ತೊಳೆದು ಬಂದು, ಪ್ರತಿ ಭಾನುವಾರದ ಹಾಗೆ, ನೋವು ಎಲ್ಲಿ ಎಂದು ಕೇಳುತ್ತಾ ಕಂಬಳಿಯ ಮೇಲೆಯೇ ಬೆರಳು ತಾಕಿಸುತ್ತಾ ಬಂದಳು. ಸೊಂಟ, ಬೆನ್ನು, ಸೊಂಟ. ಆ ನಡುವಿನ ಕಂಬಳಿಯ ಹತ್ತಿರ ಕೇಳಿದಾಗ ಒಳಗಿನವನು ಮಾತಾಡಲಿಲ್ಲ. ಪುಟ್ಟಮಾದಮ್ಮನೇ, ‘ಕತ್ತಂತೆ ಕಣಮ್ಮಿ, ದೂರದೋರು’ ಅಂದಳು. ಬೆಟ್ಟಮ್ಮ ಕಾಲೆತ್ತಿದವಳು ಹಾಗೇ ನಿಂತಳು. ಕಂಬಳಿಯ ಮೇಲೆ ಒಂದು ಸಲ, ಅತ್ತೆಯ ಮುಖದ ಮೇಲೆ ಒಂದು ಸಲ ಕಣ್ಣಾಡಿಸಿದಳು. ಆಮೇಲೆ, ಹಂಡೆಯ ನೀರು ಕಾದಿದೆಯೇ ಎಂದು ನೋಡುವವರ ಹಾಗೆ, ಹೆಬ್ಬೆರಳ ತುದಿ ತಾಕಿಸಿ ತೆಗೆದುಬಿಟ್ಟಳು.

ಕಂಬಳಿ ಹಾರಿತು. ಕೆಂಪಸಿದ್ದಯ್ಯ ಎದ್ದು ಕೂತು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮೇಲೆ ಬೇವಿನ ಮರದ ತುದಿ ನೋಡಿದ. ಕತ್ತು ಎಣ್ಣೆ ಹಾಕಿದ ಗಾಲಿಯಂತೆ ತಿರುಗಿತು. ಹಿಂದಿನ ಸಂಜೆಯೂ ಹಾಗೇ ತಿರುಗಿತ್ತು. ಆದರೆ ಅದನ್ನು ನೋಡಿದವರು ಯಾರು? ‘ಒಂದೇ ಒದೆ ಕಣ್ರಲಾ!’ ಎಂದು ಹುಚ್ಚೀರಯ್ಯ ಕೂಗಿದ. ಹೆಂಗಸರು ಲಟಿಕೆ ಮುರಿದರು. ಪುಟ್ಟಮಾದಮ್ಮ ಮಗನ ತಲೆ ನೇವರಿಸಿ ಅತ್ತಳು. ಉಗಾದಿಯಿಂದ ಆ ಕೈ ಮಾಡಿದ ಕೆಲಸವೆಲ್ಲ ಒಂದು ಚಿಟಿಕೆ ಹೊತ್ತಿನಲ್ಲಿ ಕಾಲಿನ ಲೆಕ್ಕಕ್ಕೆ ಹೋಯಿತು. ನನಗೆ ಕೆಂಡದಂಥ ಕೋಪ ಬಂತು. ಬೆಟ್ಟಮ್ಮ, ‘ಇದು ಕಾಲಿಂದಾದದ್ದಲ್ಲ, ಕೇಳ್ರಪ್ಪ’ ಅನ್ನುತ್ತಲೇ ಇದ್ದಳು. ಆ ಗಲಾಟೆಯಲ್ಲಿ ಅವಳ ಗಂಡನೇ ಕೇಳಲಿಲ್ಲ.

ಅಂದು ಸಂಜೆ ಗೋಡೆಯಾಚೆ ಮಾತು ನಡೆಯಿತು.

‘ನಾಳೀಕೆ ಒರೆ ಒರಕ್ಕೆ ಓಯ್ತೀನಿ’ ಅಂದ ಅವನು.

‘ಬ್ಯಾಡ. ನಿನ್ ಕತ್ತು ಈಗ ಅಸಿ ಗ್ವಾಡೆ ಇದ್ದಂಗದೆ. ಇದರ ಮ್ಯಾಲೆ ತೊಲೆ ಏರ್ಸ್ಬಾರ್ದು. ಈ ಒಂದೊರ್ಸ ಬುಡು, ನಿನ್ ಕಾಲಿಗೆ ಬೀಳ್ತೀನಿ.’

‘ವಾಸಿ ಮಾಡ್ದೋಳು ನೀನೇ, ಬ್ಯಾಡ ಅನ್ನೋಳೂ ನೀನೇಯ? ಏನೂ ಆಗಕ್ಕಿಲ್ಲ ಕಣಮ್ಮಿ. ಚಿಕ್ಕಬೋರಯ್ಯ ಯೋಳವ್ನೆ. ನಿಂಗೆ ತಿಳೀದೆ ತಾಕದ್ದು, ದೋಸ ಇಲ್ಲ, ಗುಣ ಪೂರಾ ಅತ್ಕಳ್ತದೆ ಅಂತ.’

ನಾನು ಒಲೆಯ ಮುಂದೆ ಕೂತು, ಇವಳು ಏನಾದರೂ ಹೇಳಲಿ ಎಂದು ಕಾದೆ. ಪುಟ್ಟಮಾದಮ್ಮ ಅಲ್ಲೇ ಇದ್ದಳು. ಅವಳ ಎಲೆಯಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು. ಕೊನೆಗೆ ಬೆಟ್ಟಮ್ಮ, ‘ಉಣ್ಣಕ್ಕೆ ಏಳು’ ಅಂದಳು, ಅಷ್ಟೆ.

ಮಾರನೆಯ ದಿನ ಅವನು ಹೋದ. ಮೊದಲ ಹೊರೆ ಹೊತ್ತ, ಏನೂ ಆಗಲಿಲ್ಲ. ಜೊತೆಯವರು ಹುರಿದುಂಬಿಸಿದರು. ಮಧ್ಯಾಹ್ನದ ಹೊತ್ತಿಗೆ ಹುಚ್ಚೀರಯ್ಯ ತಾನೇ ಕೈ ಕೊಟ್ಟು ದೊಡ್ಡ ಹೊರೆ ಏರಿಸಿದ. ಬದುವಿನ ಮೇಲೆ ಒಂದು ಕಾಲು ಸ್ವಲ್ಪ ಜಾರಿತಂತೆ. ಬೀಳಲಿಲ್ಲ. ಹೊರೆ ಒಂದು ಕಡೆ ವಾಲಿತು, ಅದನ್ನು ತಡೆಯಲು ಅವನು ಕತ್ತು ಬಿಗಿದ. ಬಿಗಿದವನು ಹಾಗೇ, ಮೂಟೆ ಇಳಿಸಿದಂತೆ ಕೆಸರಲ್ಲಿ ಕೂತುಬಿಟ್ಟ. ಕೈ ಎರಡೂ ತನ್ನವಲ್ಲ ಅಂದನಂತೆ.

ಕಬ್ಬಿನ ಗಾಡಿಯಲ್ಲೇ ಮಂಡ್ಯಕ್ಕೆ ಒಯ್ದರು, ಅಲ್ಲಿಂದ ಮೈಸೂರಿಗೆ. ಅಲ್ಲಿ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು ಬಹಳ ದಿನ ಮಲಗಿಸಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಬೆರಳು ಆಡುವುದಿಲ್ಲ, ಕಾಲು ಎಳೆದರೆ ಒಂದಿಷ್ಟು ಬರುತ್ತದೆ. ಮಾತು ಮತ್ತು ಕಣ್ಣು ಮಾತ್ರ ಮೊದಲಿನ ಹಾಗೇ ಉಳಿದವು.

ಊರು ಎರಡಾಯಿತು. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಗಂಡನನ್ನು ತುಳಿದಳು, ಅದಕ್ಕೇ ಹೀಗಾಯಿತು ಎಂದು ಕೆಲವರು. ಇಲ್ಲ, ಗೊತ್ತಿರಲಿಲ್ಲ, ಇದು ಅವನ ಹಣೆಬರಹ ಎಂದು ಕೆಲವರು. ಬಾವಿಕಟ್ಟೆಯಲ್ಲಿ ಇದೇ ಮಾತು, ಮಾರಿಗುಡಿಯಲ್ಲಿ ಇದೇ ಮಾತು. ಹೊರೆ ಎಷ್ಟು ಭಾರವಿತ್ತೆಂದು ಒಬ್ಬನಾದರೂ ಕೇಳಿದ್ದರೆ ಕೇಳಿ! ನಾನು ಕೇಳಿದೆ. ಹುಚ್ಚೀರಯ್ಯ, ‘ಎಲ್ರೂ ಒರೋದೇ ಒತ್ತವ್ನೆ, ಓಗಮ್ಮ’ ಅಂದು ಮುಖ ತಿರುಗಿಸಿದ.

ಬೆಟ್ಟಮ್ಮ ಯಾರಿಗೂ ಏನೂ ಹೇಳಲಿಲ್ಲ. ನನಗೆ ಮಾತ್ರ ಒಂದು ದಿನ ಕೊಟ್ಟಿಗೆಯಲ್ಲಿ ಹೇಳಿದಳು. ‘ತಾಕ್ಸಿದ್ರೆ ಏನಾದದು ಅಂದ್ಕಂಡೆ ಕಣಕ್ಕ. ಅಷ್ಟು ಜನದ ಮುಂದೆ ನಾನು ಇಂದಕ್ಕೆ ಸರುದ್ರೆ ನಮ್ಮನೇವ್ರು ನಾಚ್ಕಂಡು ಏಳ್ಬೇಕಿತ್ತು. ಅತ್ತೆ ತಲೆ ತಗ್ಗಿಸ್ಬೇಕಿತ್ತು. ಕಾಲಲ್ಲಿ ಏನೂ ಇಲ್ಲ ಅಂತ ನಂಗೆ ಗೊತ್ತಲ್ಲ, ಅದಕ್ಕೇ ತಾಕ್ಸಿದೆ.’

ಅವಳು ದಿನಾ ಅವನ ಕತ್ತಿನ ಕೆಳಗೆ ಒಂದು ಅಂಗೈ ಇಟ್ಟು, ಇನ್ನೊಂದರಲ್ಲಿ ಗಂಜಿ ಕುಡಿಸುವಳು. ತಿರುಗಿಸಬಾರದೆಂದು ಡಾಕ್ಟರು ಹೇಳಿದ್ದರಿಂದ ತಿರುಗಿಸುತ್ತಿರಲಿಲ್ಲ. ಗಂಜಿ ಮುಗಿದಮೇಲೂ ಸುಮ್ಮನೆ ಹಿಡಿದು ಕೂತಿರುವಳು. ಅವಳ ಕೈ ಇದ್ದಷ್ಟು ಹೊತ್ತು ನೋವು ಕಡಿಮೆ ಎಂದು ಅವನೇ ನನ್ನ ಮುಂದೆ ಅಂದದ್ದುಂಟು.

ಒಂದು ಮಧ್ಯಾಹ್ನ ನಾನು ಮಜ್ಜಿಗೆ ಕೊಡಲು ಹೋಗಿದ್ದೆ. ಅವಳು ಹಾಗೇ ಕತ್ತು ಹಿಡಿದು ಕೂತಿದ್ದಳು. ಪುಟ್ಟಮಾದಮ್ಮ ನಡುಮನೆಯಲ್ಲಿ ರಾಗಿ ಕೇರುತ್ತಿದ್ದಳು. ಅವನು ಮೇಲೆ ಸೂರು ನೋಡುತ್ತಾ ಕೇಳಿದ.

‘ಅಮ್ಮಿ, ಅವತ್ತು ಕಂಬ್ಳಿ ಒಳಗಿದ್ದದ್ದು ನಾನು ಅಂತ ನಿಂಗೆ ಗೊತ್ತಿತ್ತಾ?’

ಮೊರದ ಸದ್ದು ನಿಂತಿತು. ಗೊತ್ತಿರಲಿಲ್ಲ ಅಂತ ಅನ್ನೇ ತಾಯಿ, ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಒಂದು ಸುಳ್ಳು ಹೇಳಿದ್ದರೆ ಯಾವ ದೇವರು ಅವಳ ಕಣ್ಣು ಕೀಳುತ್ತಿದ್ದ?

‘ಗೊತ್ತಿತ್ತು’ ಅಂದಳು ಅವಳು. ‘ನಿನ್ ಕತ್ತು ನಂಗೆ ಗೊತ್ತಾಗ್ದೆ ಇರ್ತದಾ? ದಿನಾ ಇದೇ ಕೈಲಿ ಇಡ್ಕಂಡಿದ್ನಲ್ಲ. ಕಂಬ್ಳಿಯಲ್ಲ, ಗ್ವಾಡೆ ಅಡ್ಡ ಇದ್ರೂ ನಾನು ಗುರ್ತು ಇಡೀತಿದ್ದೆ.’

ಅವನ ಮುಖ ಒಂದು ಗಳಿಗೆ ಅರಳಿದ ಹಾಗೆ ಕಂಡಿತು. ಅದು ನಾನು ಕಣ್ಣಾರೆ ಕಂಡದ್ದು. ಆಮೇಲೆ ಅವನು ಏನನ್ನೋ ಯೋಚಿಸಿದ. ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳಲು ಕೈಯಿರಲಿಲ್ಲ.

‘ಅವತ್ತು ಸಂಜೇಲಿ ಈ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲಮ್ಮಿ. ಗೊತ್ತಿತ್ತು ಅಂದಿದ್ರೆ, ದೋಸ ಆಯ್ತು, ಗುಣ ಅತ್ಲಿಲ್ಲ ಅಂತ ನಾನು ಒರೆ ಒರಕ್ಕೆ ಓಯ್ತಿರ್ಲಿಲ್ಲ.’

ಅವನು ಹೇಳಿದ್ದು ನಿಜವಾಗಿತ್ತು.

‘ಕೈ ತೆಗಿ’ ಅಂದ ಅವನು.

ಅವಳು ಅವನ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ, ಕೈ ತೆಗೆದಳು.